ಖಾಲಿ ಗಾಡಿ ಕುಣಿಯಬೇಕು

ಕಾಟಾದ ಕಿಟಕಿ ಮೇಲೆ ಕೆಂಪು ಅಂಕಿ ಬಂತು. ಸಾವಿರದ ಏಳುನೂರ ತೊಂಬತ್ತು.

"ಖಾಲಿ ಗಾಡಿ ಅಮ್ಮಾ ಇದು. ಹಿಂದೆ ಒಂದು ಬನ್ನಿನ ತಟ್ಟೆ ಕೂಡ ಇಲ್ಲ," ಅಂದೆ.

ಕೋಟೇಶ್ವರಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ವಿಜಯವಾಡದ ಆಟೋನಗರದಲ್ಲಿ ಲಾರಿ, ಪಿಕಪ್ಪು ಎಲ್ಲ ತೂಗುವ ಆ ಕಾಟಾ ಅವರದೇ. ನೆಲಕ್ಕೆ ಸಮವಾಗಿ ಕೂತ ದೊಡ್ಡ ಕಬ್ಬಿಣದ ಹಲಗೆ, ಪಕ್ಕದಲ್ಲೊಂದು ಗೂಡು, ಗೂಡಿನೊಳಗೆ ಅವರು.

"ಖಾಲಿ ಅಂದರೆ ಡ್ರೈವರೂ ಇರಬಾರದು ಬಾಬೂ. ಇಳಿ," ಅಂದರು ತೆಲುಗಿನಲ್ಲಿ. ಅಲ್ಲಿ ನಡೆದ ಮಾತೆಲ್ಲ ತೆಲುಗೇ.

ಇಳಿದೆ. ಅಂಕಿಯೂ ಇಳಿಯಿತು. ಸಾವಿರದ ಏಳುನೂರ ಮೂವತ್ತು.

"ಅರವತ್ತು ಕೆಜಿ ನೀನು. ಹೆಸರೇನು?"

"ಭೀಮಸೇನ."

"ನನ್ನ ಕಾಟಾ ಸುಳ್ಳು ಹೇಳಲ್ಲ. ಹೆಸರಿಟ್ಟವರು ಹೇಳಿರಬಹುದು."

ನಗೋ ಹೊತ್ತಾಗಿರಲಿಲ್ಲ ನನಗೆ. ಆರ್‌ಸಿ ಬುಕ್ಕು ತೆಗೆದು ಕಿಟಕಿಗೆ ಹಿಡಿದೆ. ಅದರಲ್ಲಿ ಖಾಲಿ ಗಾಡಿಯ ತೂಕ ಸಾವಿರದ ಐನೂರ ಅರವತ್ತು ಅಂತ ಇತ್ತು. ನೂರ ಎಪ್ಪತ್ತು ಕೆಜಿ ಎಲ್ಲಿಂದ ಬಂತು?

"ಬುಕ್ಕು ಬರೆದು ಎಷ್ಟು ವರ್ಷ ಆಯಿತು?"

"ಹದಿನಾರು."

"ನನ್ನ ಮದುವೆ ಫೋಟೋ ನೋಡಿದರೆ ನಾನೂ ನಲವತ್ತೈದು ಕೆಜಿ ಇದೀನಿ," ಅಂದರು ಕೋಟೇಶ್ವರಮ್ಮ. "ಹಿಂದೆ ಗಾಡಿ ನಿಂತಿದೆ, ಬೇಗ ತೆಗಿ."

ಈ ನೂರ ಎಪ್ಪತ್ತು ಕೆಜಿ ಯಾಕೆ ಅಷ್ಟು ಉರಿಸಿತು ಅಂತ ಹೇಳಬೇಕು.

ಅದೇ ಊರಿನ ಗವರ್ನರ್‌ಪೇಟೆಯಲ್ಲಿ ನನ್ನ ಸೋದರಮಾವ ಅಣ್ಣಪ್ಪನ ಬೇಕರಿ ಇದೆ. ಬೋರ್ಡಿನ ಮೇಲೆ ಬೆಂಗಳೂರು ಅಯ್ಯಂಗಾರ್ ಬೇಕರಿ ಅಂತ ಇದೆ. ಒಳಗಿರೋ ನಾವ್ಯಾರೂ ಬೆಂಗಳೂರಿನವರೂ ಅಲ್ಲ, ಅಯ್ಯಂಗಾರರೂ ಅಲ್ಲ, ಚನ್ನರಾಯಪಟ್ಟಣದ ಕಡೆಯವರು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು ಬಂದವನನ್ನು ಮಾವ ಸೀದಾ ಹಿಟ್ಟಿನ ಮುಂದೆ ನಿಲ್ಲಿಸಿದ. ಬೆಳಗಿನ ಜಾವ ಏಳು, ನಾದು, ತೂಗು, ತಟ್ಟೆಗೆ ಹಾಕು, ಓವನ್‌ಗೆ ತಳ್ಳು. ಮೂಗಿನ ಕೂದಲಿಗೂ ಮೈದಾ ಹತ್ತಿರೋದು. ಆಮೇಲೆ ಮಾವ ಬ್ರೆಡ್ಡು ಸಾಗಿಸೋಕೆ ಅಂತ ಹಳೇ ಪಿಕಪ್ಪು ತಗೊಂಡ. ವಿಶಾಖಪಟ್ಟಣದ ಮೀನು ವ್ಯಾಪಾರಿ ಫಣೀಂದ್ರ ಅನ್ನೋನು ಐಸ್ ಹಾಕಿ ಮೀನು ಸಾಗಿಸುತ್ತಿದ್ದ ಗಾಡಿ ಅದು. ಆವತ್ತಿನಿಂದ ನಾನು ಡ್ರೈವರು. ಸ್ಟಿಯರಿಂಗ್ ಹಿಡಿದ ಮೇಲೆ ಮತ್ತೆ ಹಿಟ್ಟು ಹಿಡಿಯೋಕೆ ನನ್ನ ಕೈ ಒಪ್ಪಲ್ಲ.

ವಿಶಾಖಪಟ್ಟಣದಲ್ಲಿ ನಮ್ಮೂರ ಕಡೆಯವರದೇ ಒಂದು ಬೇಕರಿ ಮುಚ್ಚಿತು. ಅದರ ಮೂರಂತಸ್ತಿನ ಓವನ್ ಮಾವ ಕೊಂಡುಕೊಂಡಿದ್ದ. ಭಾನುವಾರದೊಳಗೆ ಎತ್ತಿಕೊಂಡು ಬರಬೇಕು, ಆಮೇಲೆ ಮಳಿಗೆಗೆ ಬೀಗ. ಓವನ್ನಿನ ತೂಕ ಸಾವಿರ ಕೆಜಿ ಅಂತ ಅದರ ಬೆನ್ನ ಮೇಲಿನ ತಗಡಲ್ಲೇ ಒತ್ತಿದ್ದರು. ನಮ್ಮ ಗಾಡಿ, ಹೊರೆ, ಕೂತವರು ಎಲ್ಲ ಸೇರಿ ಎರಡು ಸಾವಿರದ ಏಳುನೂರು ದಾಟುವಂತಿಲ್ಲ. ಬುಕ್ಕಿನ ಲೆಕ್ಕದಲ್ಲಿ ಬರುತ್ತಿತ್ತು. ಕಾಟಾದ ಲೆಕ್ಕದಲ್ಲಿ ಬರುತ್ತಿರಲಿಲ್ಲ.

"ಒಂದಿಷ್ಟು ಜಾಸ್ತಿ ಆದ್ರೆ ಏನಾಯ್ತದೆ ಮಾವ, ಹೈವೇಲಿ ಎಲ್ರೂ ಹಾಕ್ಕೊಂಡ್ ಹೋಯ್ತಾವ್ರೆ" ಅಂದರೆ ಮಾವ ಕೇಳೋ ಜಾತಿ ಅಲ್ಲ. ಹೋದ ವರ್ಷ ನಮ್ಮ ಮೈದಾ ತರುತ್ತಿದ್ದ ಬೇರೆಯವರ ಲಾರಿ ಹೆಚ್ಚು ಹೊರೆ ಅಂತ ಹೈವೇಲಿ ಸಿಕ್ಕಿಹಾಕಿಕೊಂಡು, ಹಿಟ್ಟಿಲ್ಲದೆ ಬೇಕರಿ ಬಾಗಿಲು ಹಾಕಿತ್ತು. ಗಿರಾಕಿಗಳು ಎದುರು ಅಂಗಡಿಯ ರುಚಿ ನೋಡಿಬಿಟ್ಟರು. ಆ ಹೊಟ್ಟೆಯುರಿ ಮಾವನಿಗೆ ಇನ್ನೂ ಆರಿಲ್ಲ. "ಬುಕ್ಕಲ್ಲಿ ಇರೋದಕ್ಕಿಂತ ಒಂದ್ ಕೆಜಿ ಜಾಸ್ತಿ ಇದ್ರೂ ನನ್ ಹೆಸ್ರಿನ ಗಾಡಿ ರೋಡಿಗಿಳಿಯಲ್ಲ" ಅಂತ ಕಾಟಾಕ್ಕೆ ಕಳಿಸಿದವನೇ ಅವನು. ಕಳಿಸುವಾಗ ಇನ್ನೊಂದು ಮಾತೂ ಹೇಳಿದ್ದ.

"ಗಾಡಿ ಓವನ್ ಹೊತ್ರೆ ಗಾಡಿ ನಿಂದು ಕಣ್ಲಾ, ನಿನ್ ಹೆಸ್ರಿಗೇ ಬರ್ಸ್ತೀನಿ. ಹೊರ್ದೆ ಹೋದ್ರೆ ಅದು ಗುಜರಿಗೆ, ನೀನು ಹಿಟ್ಟಿಗೆ."

ಅದಕ್ಕೇ ಉರಿ.

ಜಾಕು, ಟೂಲ್ ಪೆಟ್ಟಿಗೆ, ಹಗ್ಗ, ಟಾರ್ಪಾಲು, ಎರಡು ಮರದ ದಿಮ್ಮಿ ಎಲ್ಲ ಕೆಳಗೆ ಎಸೆದೆ. ಮತ್ತೆ ತೂಗಿಸಿದೆ. ಸಾವಿರದ ಆರುನೂರ ತೊಂಬತ್ತು. ನಲವತ್ತು ಕೆಜಿ ಹೋಯಿತು. ಇನ್ನೂ ನೂರ ಮೂವತ್ತು ಉಳಿಯಿತು.

"ನಿಮ್ಮ ಕಾಟಾ ಕೆಟ್ಟಿದೆ," ಅಂದೆ.

"ಬೆಳಿಗ್ಗೆಯಿಂದ ಇಪ್ಪತ್ತು ಗಾಡಿ ತೂಗಿದೀನಿ. ಕೆಟ್ಟಿರೋದು ನಿನ್ನ ತಲೆ. ತೆಗಿ ಬಾಬೂ."

ಸಾಮಾನೆಲ್ಲ ಎತ್ತಿ ಒಳಗೆ ಎಸೆದು ಹೊರಟೆ. ಮುಂದಿನ ಚಕ್ರ ಹಲಗೆ ದಾಟಿತು. ಆಗ ಇನ್ನೊಂದು ಮಾತು ಬಾಯಿಗೆ ಬಂತು. ಬಂದ ಮಾತು ಇಟ್ಟುಕೊಂಡು ಹೋದರೆ ನನಗೆ ಊಟ ಸೇರಲ್ಲ. ಅಲ್ಲೇ ಬ್ರೇಕು ಹಾಕಿ ಇಳಿದು ಕಿಟಕಿಗೆ ಹೋದೆ. ಹಿಂದಿನ ಚಕ್ರ ಹಲಗೆ ಮೇಲೇ ಇತ್ತು.

"ನೋಡಿ ಅಮ್ಮಾ..." ಅಂದವನು ಅಲ್ಲೇ ನಿಂತೆ.

ಅಂಕಿ ಎಂಟುನೂರ ಎಪ್ಪತ್ತು ತೋರಿಸುತ್ತಿತ್ತು.

"ಅರ್ಧ ಗಾಡಿ ನಿಲ್ಲಿಸಿ ಜಗಳಕ್ಕೆ ಬಂದವನನ್ನ ಇವತ್ತೇ ನೋಡಿದ್ದು," ಅಂತ ಕೋಟೇಶ್ವರಮ್ಮ ಏನೇನೋ ಅನ್ನುತ್ತಿದ್ದರು. ನನಗೆ ಕೇಳಿಸಲಿಲ್ಲ. ಹಿಂದಿನ ಚಕ್ರದ ಮೇಲೆ ಎಂಟುನೂರ ಎಪ್ಪತ್ತು. ಒಳಗೆ ಎಸೆದ ಸಾಮಾನು ಕಳೆದರೂ ಎಂಟುನೂರ ಮೂವತ್ತು. ಅಂದರೆ ಮುಂದೆ, ಹಿಂದೆ ಹೆಚ್ಚುಕಮ್ಮಿ ಸಮ.

ಅದು ಆಗೋ ಮಾತಲ್ಲ. ಎಂಜಿನ್ನು ಮುಂದಿದೆ. ಖಾಲಿ ಪಿಕಪ್ಪಿಗೆ ಮೂತಿ ಭಾರ, ಬಾಲ ಹಗುರ. ರಸ್ತೆಯ ಹಂಪಿನ ಮೇಲೆ ಹೋದರೆ ಹಿಂದಿನ ಭಾಗ ಕುರಿಮರಿ ಥರ ಎಗರಬೇಕು. ನನ್ನ ಗಾಡಿ ಎಗರುತ್ತಲೇ ಇರಲಿಲ್ಲ. ಬೆಂಜ್ ಸರ್ಕಲ್ ಸ್ಟ್ಯಾಂಡಿನ ಡ್ರೈವರುಗಳ ಮುಂದೆ ಎದೆ ಉಬ್ಬಿಸಿ ಹೇಳಿದ್ದೆ, "ನನ್ನ ಗಾಡಿ ಕುಣಿಯಲ್ಲ, ಕಾರಿದ್ದಂಗೆ ಹೋಗುತ್ತೆ" ಅಂತ. ಖಾಲಿ ಗಾಡಿ ಯಾಕೆ ಕುಣಿಯಲ್ಲ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಹೊರೆ ಹಿಂದಿದೆ. ನಾನು ಹೇರದ ಹೊರೆ.

ಹೈವೇ ಪಕ್ಕದ ಇನ್ನೊಂದು ಕಾಟಾದಲ್ಲೂ ತೂಗಿಸಿದೆ. ಅದೂ ಅದನ್ನೇ ಹೇಳಿತು. ಸರಿ, ಕೋಟೇಶ್ವರಮ್ಮನ ಕಾಟಾ ನೆಟ್ಟಗಿತ್ತು. ರಸ್ತೆ ಬದಿ ನಿಲ್ಲಿಸಿ ಗಾಡಿ ಕೆಳಗೆ ಬೆನ್ನ ಮೇಲೆ ತೆವಳಿದೆ. ಹಿಂದಿನ ಸ್ಪ್ರಿಂಗ್ ಕಮಾನಿಗೆ ಯಾರಾದರೂ ಹೆಚ್ಚುವರಿ ಪಟ್ಟಿ ಸೇರಿಸಿದ್ದಾರಾ ನೋಡಿದೆ, ಇಲ್ಲ. ಚಾಸಿಗೆ ಪಟ್ಟಿ ಬೆಸೆದಿದ್ದಾರಾ ನೋಡಿದೆ, ಇಲ್ಲ. ಸುತ್ತಿಗೆ ತಗೊಂಡು ಬಡಿದೆ, ಎಲ್ಲ ಕಡೆ ಕಬ್ಬಿಣ ಕಬ್ಬಿಣದ ಥರವೇ ಮಾತಾಡಿತು. ಎದ್ದು ಬಂದಾಗ ಮೈಯೆಲ್ಲ ಗ್ರೀಸು, ಕೈಯಲ್ಲಿ ಏನೂ ಇಲ್ಲ.

ಸಂಜೆ ಗವರ್ನರ್‌ಪೇಟೆಗೆ ಬಂದು ಬೇಕರಿ ಹಿಂದಿನ ಓಣೀಲಿ ಗಾಡಿ ನಿಲ್ಲಿಸಿದೆ. ಮಾವನಿಗೆ ಅಂಕಿ ಹೇಳಿದೆ. ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಬೈಯಬಹುದಿತ್ತು.

"ನಾಳೆ ಲಾರಿ ಮಾತಾಡ್ತೀನಿ. ಇವತ್ತು ಆಳು ಕಮ್ಮಿ, ಕೈ ತೊಳ್ಕೊಂಡು ತೂಗಕ್ ನಿಂತ್ಕೊ," ಅಂದ.

ಅಂದರೆ ಹಿಟ್ಟಿಗೆ. ಆಗಲೇ.

ನಿಂತೆ. ಹಲ್ಲು ಕಚ್ಚಿಕೊಂಡು ಹಿಟ್ಟು ಕಿತ್ತು ತಕ್ಕಡಿಗೆ ಬಡಿದೆ. ಒಂದೊಂದು ಬ್ರೆಡ್ಡಿಗೆ ನಾನೂರೈವತ್ತು ಗ್ರಾಂ. ಬೆಂದ ಮೇಲೆ ನಾನೂರು. ಕೈ ಮರೆತಿರಲಿಲ್ಲ, ಕಿತ್ತಿದ್ದೆಲ್ಲ ಸರಿಯಾಗೇ ಬರುತ್ತಿತ್ತು, ಅದಕ್ಕೂ ಸಿಟ್ಟು ಬಂತು.

ಮಾವನ ಮಗಳು ಇಂಚರಾ ಹಿಂದಿನ ಬಾಗಿಲಿಂದ ಬಂದಳು. ಬೆಂಜ್ ಸರ್ಕಲ್ ಹತ್ತಿರದ ಒಂದು ಆಸ್ಪತ್ರೇಲಿ ಬಿಲ್ಲು ಹಾಕೋ ಕೆಲಸ ಅವಳಿಗೆ. ಹುಟ್ಟಿದ್ದು ಬೆಳೆದಿದ್ದು ಇಲ್ಲೇ, ಕನ್ನಡ ಅಪ್ಪನ ಹತ್ತಿರ, ನನ್ನ ಹತ್ತಿರ ಮಾತ್ರ.

"ಬಾವಾ, ನಿನ್ ಗಾಡಿ ಕೆಳಗೆ ಮತ್ತೆ ಪಿಲ್ಲಿಗಳು," ಅಂದಳು.

"ಬೆಕ್ಕು ಅನ್ನೇ," ಅಂದ ಮಾವ ಓವನ್ ಮುಂದಿನಿಂದ.

"ಅದೇ. ಐದಾರಿವೆ. ಬೇಕರಿ ಬಾಗ್ಲಲ್ಲಿ ಕ್ರೀಮಿದೆ, ಬೆಣ್ಣೆ ಇದೆ. ಅದೆಲ್ಲ ಬಿಟ್ಟು ಈ ಗಾಡೀನ ಯಾಕೆ ನೆಕ್ತಾವೆ ಬಾವಾ?"

"ಮೀನಿನ ವಾಸ್ನೆ. ಎಷ್ಟು ತೊಳೆದ್ರೂ ಹೋಗಲ್ಲ."

"ತೊಳೆದ್ ತೊಳೆದೇ ಎರಡು ವರ್ಷ ಆಯ್ತು. ವಾಸ್ನೆ ಅನ್ನೋದು ಒಣಗಿದ್ರೆ ಹೋಗಬೇಕಲ್ವಾ? ನಿಂದು ಒಣಗೋದೇ ಇಲ್ವಾ?"

ಕೈಯಲ್ಲಿದ್ದ ಹಿಟ್ಟಿನ ಉಂಡೆ ಕೈಯಲ್ಲೇ ನಿಂತಿತು. ನಾನೂರೈವತ್ತು ಗ್ರಾಂ. ಬೆಂದ ಮೇಲೆ ನಾನೂರು. ಆ ಐವತ್ತು ಮೈದಾ ಅಲ್ಲ, ಸಕ್ಕರೆ ಅಲ್ಲ. ನೀರು. ಬೇಕರಿಯಲ್ಲಿ ತೂಕ ಹೆಚ್ಚುಕಮ್ಮಿ ಆದರೆ ಮೊದಲು ಕೇಳೋದು ನೀರಿನ ಲೆಕ್ಕ. ನಾನು ಮಧ್ಯಾಹ್ನವೆಲ್ಲ ಗಾಡಿ ಕೆಳಗೆ ಬಿದ್ದುಕೊಂಡು ಕಬ್ಬಿಣ ಹುಡುಕಿದ್ದೆ.

ಮೊಳೆ, ಸುತ್ತಿಗೆ ಹಿಡಿದು ಓಣಿಗೆ ಹೋದೆ. ಬೆಕ್ಕುಗಳು ಚದುರಿದವು. ಗಾಡಿಯ ಹಿಂದಿನ ನೆಲಕ್ಕೆ ಹೊಳೆಯೋ ತಗಡು ಹೊದಿಸಿತ್ತು, ಅಂಚಿಗೆಲ್ಲ ಒತ್ತಿ ರಿವೆಟ್ ಹೊಡೆದಿತ್ತು. ನೋಡೋಕೆ ಚೆಂದ ಇತ್ತು ಅಂತಲೇ ಮಾವ ಕೊಂಡಿದ್ದ. ತಗಡು ಕೂಡಿಸಿದ ಕಡೆ ಮೊಳೆ ಇಟ್ಟು ಹೊಡೆದೆ. ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಇಷ್ಟುದ್ದ ಮೊಳೆ, ಪೂರ್ತಿ. ಕಿತ್ತೆ. ಮೊಳೆ ಒದ್ದೆ. ತೂತಿನಿಂದ ಒಂದು ಹನಿ ಕಪ್ಪು ನೀರು ಮೇಲೆದ್ದು ನಿಂತಿತು.

ಹಿಂದೆಯೇ ಬಂದು ಮೂಸಿ ನೋಡಿದವಳು ಇಂಚರಾ. ಬಾಯಿಗೆ ವೇಲು ಒತ್ತಿಕೊಂಡು ಓಡಿದಳು.

ಮಾವ ಟವೆಲಲ್ಲಿ ಕೈ ಒರೆಸುತ್ತ ಬಂದ. "ಏನ್ಲಾ ಅದು?"

"ನೂರ ಮೂವತ್ತು ಕೆಜಿ ಮಾವ."

"ಮೊಳೆ ತೂತಲ್ಲಾ?"

"ತಗಡಿನ ಕೆಳಗೆ ಥರ್ಮಾಕೋಲ್ ಹಾಕವ್ರೆ. ಮೀನಿನ ಐಸ್ ಕರಗಬಾರ್ದು ಅಂತ. ಕರಗಿದ ನೀರು ವರ್ಷಗಟ್ಲೆ ಕುಡ್ಕೊಂಡು ಕೂತದೆ. ಅದ್ರ ಮೇಲೆ ನಾನೂ ದಿನಾ ಪೈಪ್ ಹಿಡ್ದು ಕುಡಿಸಿದೀನಿ."

"ನೀರಿದ್ರೆ ಸೋರ್ಬೇಕಿತ್ತಲ್ಲ?"

"ಬನ್ನು ಹಾಲಲ್ಲಿ ಅದ್ದಿ ಎತ್ತಿದ್ರೆ ಸೋರ್ತದಾ ಮಾವ? ಹಿಂಡ್ಬೇಕು."

ಮಾವ ತೂತು ನೋಡಿದ, ನನ್ನ ನೋಡಿದ. ಬೇಕರಿಯವನು, ಅರ್ಥ ಆಗಿತ್ತು. ಒಪ್ಪಿಕೊಳ್ಳೋದು ಬೇರೆ.

"ನಾಳೆ ವಿಶಾಖಪಟ್ಟಣಕ್ಕೆ ಇದ್ರಲ್ಲೇ ಹೋಗಣ," ಅಂದೆ. "ಫಣೀಂದ್ರನ ಹತ್ರಾನೇ ನಿಲ್ಸಿ ಬಿಚ್ತೀನಿ. ಮಾಡಿದೋನ ಮುಂದೇ ಬಿಚ್ಬೇಕು. ಅಲ್ಲೇ ಕಾಟಾಕ್ಕೆ ಹಾಕಣ. ಬುಕ್ಕಿನ ತೂಕಕ್ಕೆ ಬರ್ಲಿಲ್ಲ ಅಂದ್ರೆ ಗಾಡೀನ ಅಲ್ಲೇ ಗುಜರಿಗೆ ಹಾಕು. ಓವನ್ ಲಾರೀಲಿ ಬರ್ಲಿ, ಅದ್ರ ಪಕ್ಕ ಕೂತ್ಕೊಂಡು ನಾನು ಬತ್ತೀನಿ, ಬಂದು ಹಿಟ್ಟಿಗೆ ನಿಂತ್ಕೊತೀನಿ. ಒಂದ್ ಮಾತೂ ಆಡಲ್ಲ."

"ನೀನು? ಮಾತಾಡ್ದೆ?"

"ಆಡಲ್ಲ."

"ಅದನ್ನ ನೋಡಕ್ಕಾದ್ರೂ ಬರ್ಬೇಕು," ಅಂದ ಮಾವ.

ಬೆಳಕು ಹರಿಯೋ ಮುಂಚೆ ಹೊರಟೆವು. ಮಾವ ಮೈತುಂಬ ತಿನ್ನೋ ಆಳು, ತೊಂಬತ್ತು ಕೆಜಿ. ಕಾಲ ಮೇಲೆ ಖಾರಾ ಬನ್ನಿನ ಪೊಟ್ಟಣ ಇಟ್ಟುಕೊಂಡು ರಾಜಮಂಡ್ರಿ ದಾಟೋವರೆಗೂ ತಿಂದ. ತುನಿ ಹತ್ತಿರ ಒಂದು ಹಂಪು ಬಂತು. ನಿಧಾನ ಮಾಡದೆ ಹಾರಿಸಿದೆ. ಗಾಡಿ ಎಮ್ಮೆ ಥರ ದಾಟಿತು.

"ನೋಡು, ಎಷ್ಟ್ ನೈಸಾಗಿ ಹೋಯ್ತು," ಅಂದ ಮಾವ.

"ಅದೇ ರೋಗ ಮಾವ."

"ಏನೋಪ್ಪ. ಜಗತ್ತಲ್ಲಿ ನೈಸಾಗಿ ಹೋಗೋದೂ ನಿಂಗೆ ರೋಗ."

ವಿಶಾಖಪಟ್ಟಣ ಸೇರಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬಂದರಿನ ಕ್ರೇನುಗಳು ದೂರಕ್ಕೇ ಕಂಡವು. ದೋಣಿಗಳು ಮೀನು ಇಳಿಸೋ ಧಕ್ಕೆಯ ಕಡೆ ತಿರುಗಿಸಿದೆ. ಫಣೀಂದ್ರ ಅಲ್ಲೇ ಐಸ್ ಕುಟ್ಟಿಸುತ್ತ ನಿಂತಿದ್ದ. ಗಾಡಿ ನೋಡಿ, ಮದುವೆ ಮಾಡಿಕೊಟ್ಟ ಮಗಳು ತವರಿಗೆ ಬಂದ ಹಾಗೆ ಬಾನೆಟ್ ಸವರಿದ.

"ಚೆನ್ನಾಗಿದಿಯಾ ತಲ್ಲೀ," ಅಂದ, ಗಾಡಿಗೆ.

ನಾನು ಇಳಿದು ಸೀದಾ ಅವನ ಎದೆಗೆ ಎದೆ ಕೊಟ್ಟು ನಿಂತೆ. "ನೆಲದ ಕೆಳಗೆ ಏನಿಟ್ಟಿದೀಯ?"

"ಥರ್ಮಾಕೋಲು. ಎರಡಿಂಚು. ಅದರ ಕೆಳಗೆ ಪ್ಲೈವುಡ್ಡು. ನಂಬರ್ ಒನ್ ಮಾಲು," ಅಂದ, ಮುಚ್ಚುಮರೆ ಇಲ್ಲದೆ.

"ಕೊಡುವಾಗ ಯಾಕೆ ಹೇಳಲಿಲ್ಲ?"

"ಮೀನಿನ ಪೆಟ್ಟಿಗೆ ಬೇಡ ಅಂದ್ರು ಅಣ್ಣಪ್ಪಗಾರು. ಪೆಟ್ಟಿಗೆ ಬಿಚ್ಚಿ ಕೊಟ್ಟೆ. ನೆಲ ಬೇಡ ಅಂದ್ರಾ? ನೆಲ ನೋಡಿ ಭೇಷ್ ಅಂದ್ರು."

ನಾನು ಮಾವನ ಕಡೆ ತಿರುಗಿದೆ. ಮಾವ ಸಮುದ್ರ ನೋಡುತ್ತಿದ್ದ. "ಅಂದಿದ್ದೆ ಕಣ್ಲಾ. ಹೊಳೀತಿತ್ತು," ಅಂದ ಮೆಲ್ಲಗೆ.

ಮುಷ್ಟಿ ಬಿಗಿದೇ ಇತ್ತು. ಫಣೀಂದ್ರ ಅದನ್ನು ನೋಡಿದ. ಹೆದರಲಿಲ್ಲ ಆಸಾಮಿ. ಒಳಗೆ ಹೋಗಿ ಒಂದು ಹಾರೆ, ಒಂದು ಉಳಿ, ಒಂದು ಸುತ್ತಿಗೆ ತಂದು ನನ್ನ ಕಾಲ ಹತ್ತಿರ ಹಾಕಿದ.

"ಕೋಪ ಚೆನ್ನಾಗಿದೆ ತಮ್ಮುಡೂ. ನನ್ನ ಮೇಲೆ ಹಾಳು ಮಾಡಬೇಡ, ಆ ರಿವೆಟ್ಟುಗಳಿಗೆ ಇಟ್ಕೋ. ಗಟ್ಟಿ ಇವೆ."

ಗಟ್ಟಿಯೇ ಇದ್ದವು. ಒಂದೊಂದರ ತಲೆ ಹಾರಿಸುವಾಗಲೂ ಯಾರಾದರೊಬ್ಬರು ನೆನಪಾಗುತ್ತಿದ್ದರು. ಸ್ಕೂಲು ಬಿಟ್ಟವನು ಅಂತ ಊರಲ್ಲಿ ಬೆನ್ನ ಹಿಂದೆ ಆಡಿಕೊಂಡವರು, ಮೀನು ಗಾಡಿ ಬಂತು ಅಂತ ಮೂಗು ಮುಚ್ಚಿಕೊಂಡ ಅಂಗಡಿಯವರು, ಅದು ಗುಜರಿಗೆ ನೀನು ಹಿಟ್ಟಿಗೆ ಅಂದ ಮಾವ. ರಿವೆಟ್ಟು ಮುಗಿದರೂ ಜನ ಮುಗಿಯಲಿಲ್ಲ. ತಗಡಿನ ಮೂಲೆಗೆ ಹಾರೆ ಕೊಟ್ಟು ಮೀಟಿದೆ. ಕಿರ್ರ್ ಅಂತ ಬಾಯಿ ಬಿಟ್ಟಿತು.

ಆ ವಾಸನೆಗೆ ಧಕ್ಕೆಯ ಜನವೇ ಹಿಂದೆ ಸರಿದರು. ದಿನವಿಡೀ ಮೀನಿನ ನಡುವೆ ಇರೋರು ಅವರು.

ಬಿಳಿ ಇರಬೇಕಾದ ಥರ್ಮಾಕೋಲು ಕಪ್ಪಗೆ, ಹಳದಿಯಾಗಿ, ಒದ್ದೆ ಕೇಕಿನ ಹಾಗೆ ಕೂತಿತ್ತು. ಒಂದು ತುಂಡು ಎತ್ತಿದೆ. ಕೈ ಕೆಳಗೆ ಜಗ್ಗಿತು. ಒಣಗಿದ್ದು ಇಷ್ಟೇ ಇದ್ದರೆ ಊದಿದರೆ ಹಾರಿ ಹೋಗುತ್ತೆ, ಇದನ್ನು ಎರಡು ಕೈಯಲ್ಲಿ ಹಿಡಿಯಬೇಕಾಯಿತು. ಅದರ ಕೆಳಗಿನ ಪ್ಲೈವುಡ್ಡು ಪದರ ಪದರವಾಗಿ ಉಬ್ಬಿ, ಹಾರೆ ತಾಗಿದಲ್ಲೆಲ್ಲ ನೀರು ಬಿಡುತ್ತಿತ್ತು. ಎತ್ತಿ ಎತ್ತಿ ಹೊರಗೆ ಹಾಕಿದೆ. ಕಾಗೆ ಬಂದವು, ಕೊಕ್ಕರೆ ಬಂದವು, ಬೆಕ್ಕುಗಳಂತೂ ನೆಂಟರ ಮನೆಗೆ ಬಂದ ಹಾಗೆ ಸಾಲಾಗಿ ಕೂತವು.

ಮಾವ ಮೊದಲು ಟವೆಲ್ ಮೂಗಿಗೆ ಕಟ್ಟಿಕೊಂಡು ದೂರ ನಿಂತಿದ್ದ. ಆಮೇಲೆ ಏನನ್ನಿಸಿತೋ, ಪಂಚೆ ಎತ್ತಿ ಕಟ್ಟಿ ಹತ್ತಿ ಬಂದ. "ಆ ಮೂಲೆ ನಂಗ್ ಬಿಡು," ಅಂದ. ಹಿಟ್ಟು ನಾದಿದ ಕೈ, ಒದ್ದೆ ಪ್ಲೈವುಡ್ಡನ್ನು ಚಪಾತಿ ಹರಿದ ಹಾಗೆ ಹರಿದು ಎಸೆದ.

"ಮಾವ, ಬೆಳಿಗ್ಗೆ ತಿಂದ ಖಾರಾ ಬನ್ನು ಏನಾದ್ರೂ..."

"ಮಾತಾಡಿಸ್ಬೇಡ. ಬಾಯ್ ಬಿಟ್ರೆ ಬಂದ್ಬಿಡ್ತದೆ."

ಕೊನೆಗೆ ಗಾಡಿಯ ಸ್ವಂತ ಕಬ್ಬಿಣದ ನೆಲ ಕಂಡಿತು. ಹದಿನಾರು ವರ್ಷದ ಹಿಂದೆ ಕಾರ್ಖಾನೆಯಿಂದ ಬಂದಾಗ ಇದ್ದ ನೆಲ. ಸುತ್ತಿಗೆಯಲ್ಲಿ ಇಂಚಿಂಚು ಬಡಿದು ನೋಡಿದೆ. ಬಾಲದ ಕಡೆ ಎರಡು ಜಾಗ ಜರಡಿ ಥರ ತುಕ್ಕು ತಿಂದಿತ್ತು. ಉಳಿದದ್ದು ಗಂಟೆ ಹೊಡೆದ ಹಾಗೆ ಕೇಳಿಸಿತು. ಓವನ್ನಿನ ಕಾಲು ಬಾಲದ ಕಡೆ ಬರಲ್ಲ, ಮಧ್ಯಕ್ಕೆ ಬರುತ್ತೆ. ಫಣೀಂದ್ರ ಪೈಪು ಹಿಡಿದು ತೊಳೆದ. ನೀರು ಹರಿದು ಹೋಯಿತು. ಎಲ್ಲೂ ನಿಲ್ಲಲಿಲ್ಲ.

ಸಂಜೆ ಬಿಸಿಲಿಗೆ ನೆಲ ಒಣಗಿದ ಮೇಲೆ ಹೊರಟೆವು. ಧಕ್ಕೆಯ ಗೇಟಿನ ಮುಂದೆ ಒಂದು ಹಂಪಿದೆ. ಬರುವಾಗ ಮಾಮೂಲಿ ಥರ ದಾಟಿದ್ದೆ. ಹಾಗೇ ಹೋದೆ.

ಹಿಂದಿನ ಭಾಗ ಎಗರಿತು. ಎಂಥಾ ಎಗರು ಅಂತೀರಿ. ಮಾವನ ತಲೆ ಹೋಗಿ ಮೇಲಿನ ತಗಡಿಗೆ ಢಣ್ ಅಂತ ಬಡಿಯಿತು, ಹಿಂದೆ ಜಾಕು, ಟೂಲ್ ಪೆಟ್ಟಿಗೆ ಎಲ್ಲ ಕುಣಿದು ಬಿದ್ದವು.

"ಏನ್ಲಾ ಇದು ಬಡ್ಡಿಮಗ್ನೆ," ಅಂತ ಮಾವ ನೆತ್ತಿ ಉಜ್ಜಿಕೊಂಡ.

"ಇದು ಖಾಲಿ ಗಾಡಿ ಮಾವ. ಇವತ್ತು ಖಾಲಿ ಆಯ್ತು."

ಕಾಟಾಕ್ಕೆ ಹೋಗೋ ಮುಂಚೆಯೇ ನನಗೆ ಗೊತ್ತಿತ್ತು. ಆದರೂ ಮಾವ ಮಾವನೇ. ಬಂದರು ರಸ್ತೆಯ ಕಾಟಾದಲ್ಲಿ ತಾನೂ ಇಳಿದ, ನನ್ನನ್ನೂ ಇಳಿಸಿದ, ಹಗ್ಗ, ಟಾರ್ಪಾಲು, ಜಾಕು ಎಲ್ಲ ಇಳಿಸಿದ. ಕಿಟಕಿಗೆ ಮೂಗು ಒತ್ತಿ ನಿಂತ.

ಸಾವಿರದ ಐನೂರ ಐವತ್ತು.

ಮಾವ ಬುಕ್ಕು ತೆಗೆದು ನೋಡಿದ. ಮತ್ತೆ ಅಂಕಿ ನೋಡಿದ. "ಹತ್ತು ಕೆಜಿ ಕಮ್ಮಿ ಬಂತಲ್ಲೋ. ಬುಕ್ಕಲ್ಲಿ ಅರವತ್ತದೆ."

ಹತ್ತು ಕೆಜಿ ಕಮ್ಮಿ ಬಂದದ್ದಕ್ಕೂ ತಕರಾರು.

"ತುಕ್ಕು ತಿಂದದೆ ಮಾವ. ಹದಿನಾರು ವರ್ಷಕ್ಕೆ ಹತ್ತು ಕೆಜಿ. ನೀನು ಒಂದೇ ವರ್ಷಕ್ಕೆ ತಿಂತೀಯ."

ಆ ರಾತ್ರಿ ಮುಚ್ಚಿದ ಬೇಕರಿಯಲ್ಲೇ ಮಲಗಿದೆವು. ಬೆಳಿಗ್ಗೆ ಎಂಟು ಜನ ಹಮಾಲರು ದಿಮ್ಮಿ ಉರುಳಿಸುತ್ತ ಓವನ್ ತಂದು ಗಾಡಿಗೇರಿಸಿದರು. ಮಧ್ಯಕ್ಕೆ, ಸ್ವಲ್ಪ ಮುಂದಕ್ಕೆ, ನಾನು ಹೇಳಿದಲ್ಲಿ. ಹಿಂದಿನ ಕಮಾನು ಕೂತುಕೊಂಡಿತು, ನೆಲ ಒಂದು ಸಲ ನರಳಿ ಸುಮ್ಮನಾಯಿತು. ಹಗ್ಗ ನಾನೇ ಬಿಗಿದೆ.

"ಕೊನೇ ಸಲ ಒಂದು ತೂಕ," ಅಂದ ಮಾವ. "ಹೆಂಗ್ ಹೋಯ್ತಿವೋ ಹಂಗೇ. ನಾವೂ ಕೂತ್ಕೊಂಡು. ಹೈವೇಲಿ ಹಿಡಿಯೋರು ನಮ್ಮನ್ನ ಇಳಿಸಿ ತೂಗ್ತಾರಾ?"

ಅದೂ ನ್ಯಾಯವೇ. ಇಬ್ಬರೂ ಕೂತೇ ಕಾಟಾ ಹತ್ತಿದೆವು. ಕನ್ನಡಿಯಲ್ಲಿ ಅಂಕಿ ಕಾಣುತ್ತಿತ್ತು, ಉಲ್ಟಾ. ಮಾವ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಓದಿದ.

"ಎರಡು ಸಾವಿರದ ಏಳುನೂರ... ನಲವತ್ತು."

ನಾನು ಎಂಜಿನ್ ಆಫ್ ಮಾಡಿದೆ. ಮಾವ ಬೆರಳು ಮಡಿಚಿ ಲೆಕ್ಕ ಹಾಕಿದ. ಗಾಡಿ, ಓವನ್ನು, ಹಗ್ಗ ಜಾಕು, ಭೀಮಸೇನ. ಅಲ್ಲಿಗೆ ಬಂದು ಬೆರಳು ನಿಂತಿತು. ಹೊಟ್ಟೆ ನೋಡಿಕೊಂಡ.

ಹಿಂದೆ ಒಂದು ಟ್ಯಾಂಕರು ಹಾರನ್ ಹೊಡೆಯುತ್ತಿತ್ತು.

"ಹಗ್ಗ ಜಾಕು ಇಳಿಸಿದ್ರೆ?" ಅಂದ.

"ಹಗ್ಗ ಇಲ್ದೆ ಓವನ್ ಬೀಳ್ತದೆ. ಜಾಕಿಲ್ದೆ ದಾರೀಲಿ ಪಂಕ್ಚರಾದ್ರೆ ನೀನು ಎತ್ತಿ ಹಿಡ್ಕೊತೀಯಾ?"

"ನಲವತ್ತು ಕೆಜಿ ತಾನೇ ಕಣ್ಲಾ..."

ಹೇಳಿ ಮುಗಿಸೋ ಮುಂಚೆ ಅವನಿಗೇ ಕೇಳಿಸಿತು ತನ್ನ ಮಾತು. ನಾನು ಅವನ ಮುಖವನ್ನೇ ನೋಡುತ್ತಿದ್ದೆ, ಒಂದು ಕೆಜಿ ಜಾಸ್ತಿ ಇದ್ದರೂ ರೋಡಿಗಿಳಿಯಲ್ಲ ಅಂದವನ ಮುಖ. ಬೇರೆಯವರಾಗಿದ್ದರೆ ನಕ್ಕು ಹೊರಡು ಅನ್ನುತ್ತಿದ್ದರು. ಮಾವ ಬಾಗಿಲು ತೆಗೆದ. ಬ್ಯಾಗು ತಗೊಂಡ. ಒಂದು ಕಾಲು ಕೆಳಗಿಟ್ಟ, ಇನ್ನೊಂದು ಕಾಲು ಇಟ್ಟ. ಅಂಕಿ ಇಳಿಯಿತು. ಎರಡು ಸಾವಿರದ ಆರುನೂರ ಐವತ್ತು.

"ಮಧ್ಯಾಹ್ನ ಒಂದು ರೈಲದೆ," ಅಂದ, ಅಂಕಿಯನ್ನೇ ನೋಡುತ್ತ.

"ಗಾಡಿ ಯಾರ್ದು ಮಾವ?"

"ಓವನ್ ಮನೆ ಸೇರ್ಲಿ."

"ಹೊತ್ರೆ ನಿಂದು ಅಂದಿದ್ದೆ. ಹೊತ್ಕೊಂಡದೆ. ಕಣ್ ಮುಂದೆ ಅದೆ."

ಟ್ಯಾಂಕರಿನವನು ಕೆಳಗಿಳಿದು ಬೈಯೋಕೆ ಶುರು ಮಾಡಿದ. ಮಾವ ಅವನ ಕಡೆ ಕೈ ಎತ್ತಿ ತಾಳು ಅಂದ. ಆಮೇಲೆ ಆರ್‌ಸಿ ಬುಕ್ಕನ್ನು ಅಂಗಿ ಜೇಬಿನಿಂದ ತೆಗೆದು ಕಿಟಕಿಯೊಳಗೆ ಎಸೆದ. ಅದು ನನ್ನ ತೊಡೆ ಮೇಲೆ ಬಿತ್ತು.

"ನಿಂದೇ ಕಣ್ಲಾ. ಸೋಮವಾರ ಹೋಗಿ ಹೆಸ್ರು ಬದ್ಲಾಯ್ಸಣ. ಓವನ್ ನಂದು, ಹುಷಾರಾಗ್ ಹೊಡಿ."

"ಖಾರಾ ಬನ್ ಪೊಟ್ಟಣ ಬಿಟ್ಟಿದೀಯ."

"ಕೊಡಿಲ್ಲಿ," ಅಂತ ಕೈ ಚಾಚಿದ.

ಕೊಟ್ಟೆ. ಎಂಜಿನ್ ಹಾಕಿದೆ. ಹೈವೇ ತಿರುವಿಗೆ ಮುಂಚೆ ಇನ್ನೊಂದು ಹಂಪು. ಮೊದಲ ಗೇರಿಗೆ ಇಳಿಸಿ ಹತ್ತಿಸಿದೆ. ಮುಂದಿನ ಚಕ್ರ ದಾಟಿತು, ಹಿಂದಿನ ಚಕ್ರ ದಾಟಿತು, ಸಾವಿರ ಕೆಜಿ ಓವನ್ ಕೂತಲ್ಲೇ ಕೂತಿತ್ತು. ಗಾಡಿ ಕುಣಿಯಲಿಲ್ಲ. ಕನ್ನಡಿಯಲ್ಲಿ ಮಾವ ಆಟೋದವನ ಜೊತೆ ಸ್ಟೇಷನ್ನಿಗೆ ಎಷ್ಟು ಅಂತ ಜಗಳ ಆಡುತ್ತಿದ್ದ.